ಸ್ಕ್ಯಾನ್ ಮಾಡಿದ ಹಳೆ ಪ್ಲ್ಯಾನಿಗೆ ಅಳತೆ ಹಾಕೂದು ಹ್ಯಾಂಗೆ, ಯಾವ ಸಾಫ್ಟ್‌ವೇರ್?

ಶಿರಸಿ ಕಡೆಯವ:
ಹಳೆ ಮನೆ, ಹಿಂದಿನ ಭಾಗದ ಮಾಡು ತೆಗೆದು ಒಂದು ಕೋಣೆ ಸೇರಿಸೋ ಯೋಚನೆ. ಅಪ್ಪ ಯಾವಾಗ್ಲೋ ಬರೆಸಿದ್ದ ಪ್ಲ್ಯಾನಿನ ಜೆರಾಕ್ಸ್ ಸಿಕ್ತು, ಎ4 ಹಾಳೆ, ಮೂಲೇಲಿ 1/8 ಇಂಚು = 1 ಅಡಿ ಅಂತ ಬರದಿದ್ದು ಬಿಟ್ರೆ ಒಂದೇ ಒಂದು ಅಳತೆ ಇಲ್ಲ. ಸ್ಕೇಲ್ ಇಟ್ಟು ನೋಡಿದ್ರೆ ಜಗುಲಿ 2 1/8 ಇಂಚು, ಅಂದ್ರೆ 17 ಅಡಿ ಆಗ್ಬೇಕು, ಟೇಪ್ ಹಿಡಿದ್ರೆ 24 ಅಡಿ! ಎಂತ ಕತೆ ಇದು? ಗೌಂಡಿ, ಆಚಾರಿ ಇಬ್ರೂ ಅಳತೆ ಇರೋ ಪ್ಲ್ಯಾನ್ ಕೊಡಿ ಅಂತಿದ್ದಾರೆ. ಪ್ಲ್ಯಾನ್ ಬರೆಯೋ ಆಟೋಕ್ಯಾಡ್ ಸಾಫ್ಟ್‌ವೇರ್‌ಗೆ ದುಡ್ಡು ಹಾಕೂ ಮನಸಿಲ್ಲ, ಲ್ಯಾಪ್‌ಟಾಪೂ ಹಳೇದು.

ಕುಮಟಾ ಡ್ರಾಫ್ಟಿಂಗ್:
ನಿಮ್ಮ ಪ್ಲ್ಯಾನ್ ಸುಳ್ಳು ಹೇಳ್ತಾ ಇಲ್ಲ, ಜೆರಾಕ್ಸ್ ಮಾಡಿದವ ಸಣ್ಣ ಮಾಡಿದ್ದಾನೆ ಅಷ್ಟೇ. 17ನ್ನ 24ರಿಂದ ಭಾಗಿಸಿ, 0.708 ಬರ್ತದೆ. ಎ3 ಹಾಳೆಯನ್ನ ಎ4ಗೆ ಇಳಿಸಿದ್ರೆ ಹೆಚ್ಚುಕಡಿಮೆ ಇಷ್ಟೇ ಆಗೂದು, ಮಷಿನ್ ಮೇಲೆ 71% ಅಂತ ತೋರಿಸ್ತದಲ್ಲ ಅದೇ. ಮೂಲ ಎ3 ಇತ್ತು, ಅದ್ರಲ್ಲಿ ಜಗುಲಿ 3 ಇಂಚು ಇತ್ತು. ಅಂದ್ರೆ ಹಾಳೆ ಮೇಲೆ ಬರೆದ ಸ್ಕೇಲ್ ಈಗ ಲೆಕ್ಕಕ್ಕಿಲ್ಲ, ಅದನ್ನ ಮರ್ತುಬಿಡಿ.

ಲಿಬ್ರೆಕ್ಯಾಡ್ ಹಾಕ್ಕೊಳ್ಳಿ, ಅದೂ ಪ್ಲ್ಯಾನ್ ಬರೆಯೋ ಸಾಫ್ಟ್‌ವೇರೇ, ಪುಕ್ಕಟೆ, ಹಳೆ ಲ್ಯಾಪ್‌ಟಾಪಲ್ಲೂ ಓಡ್ತದೆ. ಹಾಳೆಯನ್ನ ಫ್ಲ್ಯಾಟ್‌ಬೆಡ್ ಸ್ಕ್ಯಾನರಲ್ಲೇ ಸ್ಕ್ಯಾನ್ ಮಾಡ್ಸಿ ಮಾರಾಯ್ರೆ, ಮೊಬೈಲಲ್ಲಿ ಫೋಟೊ ಹೊಡೆದ್ರೆ ಒಂದು ಬದಿ ಅಗಲ ಒಂದು ಬದಿ ಸಪೂರ ಬಂದು ಯಾವ ಸಾಫ್ಟ್‌ವೇರಿಂದಲೂ ಸುಲಭಕ್ಕೆ ಸರಿ ಆಗೂದಿಲ್ಲ. ಯುನಿಟ್ ಇಂಚು ಇಟ್ಟು ಇಮೇಜ್ ಒಳಗೆ ತನ್ನಿ, ಜಗುಲಿಯ ಈ ಗೋಡೆಯಿಂದ ಆ ಗೋಡೆಗೆ ಗೆರೆ ಎಳೆದು ಎಷ್ಟು ಬರ್ತದೆ ನೋಡಿ. 24 ಅಡಿ ಅಂದ್ರೆ 288 ಇಂಚು, 288ನ್ನ ಬಂದ ಸಂಖ್ಯೆಯಿಂದ ಭಾಗಿಸಿ ಇಮೇಜನ್ನ ಅಷ್ಟು ಪಟ್ಟು ಸ್ಕೇಲ್ ಮಾಡಿ. ಆಮೇಲೆ ಜಗುಲಿಗೆ ಅಡ್ಡಲಾಗಿ ಹೋಗೋ ಇನ್ನೊಂದು ಉದ್ದದ ಅಳತೆ ತಗೊಂಡು ತಾಳೆ ಮಾಡಿ, ಸ್ಕ್ಯಾನರ್, ಜೆರಾಕ್ಸ್ ಎಲ್ಲ ಒಂದು ದಿಕ್ಕಿಗೆ ಸ್ವಲ್ಪ ಜಗ್ಗಿರ್ತವೆ. ಎರಡೂ ತಾಳೆ ಆದ್ರೆ ಮಾತ್ರ ಮೇಲೆ ಗೆರೆ ಎಳೆಯೂಕೆ ಶುರು ಮಾಡಿ.

ಕಾರವಾರ ಸೈಟು:
ಇಷ್ಟೆಲ್ಲ ಯಾಕೆ? ಪಿಡಿಎಫ್ ರೀಡರಲ್ಲೇ ಅಳತೆ ಟೂಲ್ ಇದೆ, ಸ್ಕೇಲ್ ರೇಶಿಯೊ ಕೊಟ್ಟು ಎರಡು ಕಡೆ ಕ್ಲಿಕ್ ಮಾಡಿದ್ರೆ ಅಡಿ ಇಂಚು ಬಂತು.

ಕುಮಟಾ ಡ್ರಾಫ್ಟಿಂಗ್:
ಸಿಮೆಂಟು ಚೀಲ ಲೆಕ್ಕ ಹಾಕೂಕೆ ಅದು ಸಾಕು. ಗೌಂಡಿ ಕೈಗೆ ಕೊಡೂಕೆ ಸಾಲೂದಿಲ್ಲ. ಶಿರಸಿಯವ್ರ ಹಾಳೆ ಈಗ ಸುಮಾರು 1:136ಕ್ಕೆ ಇಳಿದಿದೆ, ಅಂದ್ರೆ ಹಾಳೆ ಮೇಲಿನ 1 ಇಂಚು ನೆಲದ ಮೇಲೆ 136 ಇಂಚು, ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನ ಗೆರೆಯೇ ನೆಲದ ಮೇಲೆ ಎರಡೂವರೆ ಇಂಚಿಗಿಂತ ಜಾಸ್ತಿ ಆಯ್ತು. ಗೆರೆ ಒಳಗೆ ಕ್ಲಿಕ್ ಮಾಡಿದ್ರೋ ಹೊರಗೆ ಮಾಡಿದ್ರೋ ಯಾರಿಗೆ ಗೊತ್ತು. ಅದ್ರಲ್ಲೂ ಚಿರೆಕಲ್ಲು ಗೋಡೆ, ಅದ್ರ ಮೇಲೆ ಗಿಲಾಯಿ ಬೇರೆ, ಗೋಡೆ ದಪ್ಪವನ್ನ ಪ್ಲ್ಯಾನಿಂದ ತೆಗಿಲೇಬಾರ್ದು. ಬಾಗಿಲ ಹತ್ರ ಟೇಪ್ ಹಿಡಿದು ನೋಡೂದು. ಹಳೆ ಕೋಣೆ ಮೂಲೆ ಎಂತೂ ಸರಿ ಇರೂದಿಲ್ಲ, ಹಾಗಾಗಿ ಪ್ರತಿ ಕೋಣೆಗೂ ಕರ್ಣದ ಅಳತೆ ಎರಡೂ ತಗೊಳ್ಳಿ, ಎರಡೂ ಒಂದೇ ಬರದಿದ್ರೆ ಕೋಣೆ ಸೊಟ್ಟ ಅಂತ.

ಹೊನ್ನಾವರ ಆರ್ಕಿಟೆಕ್ಟ್:
ಮೇಲಿನವ್ರು ಹೇಳಿದ್ದು ಸರಿ. ಡೈಮೆನ್ಶನ್ (ಅಳತೆ ತೋರಿಸೋ ಗೆರೆ ಮತ್ತೆ ಸಂಖ್ಯೆ) ಹಾಕುವಾಗ ಮೂರು ಸಾಲು ಇಟ್ಕೊಳ್ಳಿ, ಮನೆಗೆ ಹತ್ರದ್ರಲ್ಲಿ ಬಾಗಿಲು ಕಿಟಕಿ, ನಡುವಿನದ್ರಲ್ಲಿ ಗೋಡೆ ಮತ್ತೆ ಕೋಣೆ, ಎಲ್ಲಕ್ಕಿಂತ ಹೊರಗೆ ಒಟ್ಟು ಉದ್ದ. ಒಳಗಿನ ಸಾಲು ಕೂಡಿಸಿದ್ರೆ ಹೊರಗಿನದ್ದು ಬರ್ಬೇಕು. ಬರದಿದ್ರೆ ಅಕ್ಷರ ತಿದ್ದಿ ಮುಚ್ಚಿಹಾಕೂಕೆ ಹೋಗ್ಬೇಡಿ, ತುಂಬಾ ಜನ ಮಾಡೂದೇ ಇದು, ಡೈಮೆನ್ಶನ್ ಮೇಲೆ ಡಬಲ್ ಕ್ಲಿಕ್ ಮಾಡಿ 11'-9" ಇದ್ದಲ್ಲಿ 12'-0" ಅಂತ ಟೈಪ್ ಮಾಡೂದು. ಆಮೇಲೆ ಗೋಡೆ ಜರುಗಿಸಿದ್ರೂ ಆ 12 ಹಾಗೇ ಕೂತಿರ್ತದೆ. ಗೆರೆಯನ್ನ ಸರಿ ಮಾಡಿ, ಸಂಖ್ಯೆ ಅದ್ರ ಹಿಂದೆ ಬರ್ತದೆ.

ಅಕ್ಷರ ಇರುವೆ ಹಾಗೆ ಕಂಡ್ರೆ ಗಾಬರಿ ಬೇಡ. ಡ್ರಾಯಿಂಗ್ ಇರೂದು ನಿಜವಾದ ಅಳತೆಯಲ್ಲಿ, 1/8 ಇಂಚು = 1 ಅಡಿ ಸ್ಕೇಲಲ್ಲೇ ಪ್ರಿಂಟ್ ಮಾಡಿದ್ರೆ ಬರೂದು 96 ಪಟ್ಟು ಸಣ್ಣದಾಗಿ. ಕಾಗದದ ಮೇಲೆ 3/32 ಇಂಚಿನ ಅಕ್ಷರ ಬೇಕಂದ್ರೆ ಡ್ರಾಯಿಂಗ್‌ನಲ್ಲಿ 9 ಇಂಚು ಎತ್ತರ ಕೊಡ್ಬೇಕು. ಲಿಬ್ರೆಕ್ಯಾಡಲ್ಲಿ ಡ್ರಾಯಿಂಗ್ ಪ್ರಿಫರೆನ್ಸ್ ಒಳಗೆ ಡೈಮೆನ್ಶನ್ ಅಂತ ಇದೆ, ಅಲ್ಲೇ. ಪ್ರಿಂಟ್ ಅಂಗಡಿಯವ್ರಿಗೆ ಫಿಟ್ ಟು ಪೇಜ್ ಬೇಡ, 100% ಇಡಿ ಅಂತ ಬಾಯಿಬಿಟ್ಟು ಹೇಳಿ, ಮತ್ತೆ ಮೂಲೇಲಿ ಅಡಿ ಗುರುತು ಹಾಕಿದ ಒಂದು ಸ್ಕೇಲ್ ಪಟ್ಟಿ ಬರೀರಿ. ಮುಂದೆ ಯಾರಾದ್ರೂ ಜೆರಾಕ್ಸ್ ಸಣ್ಣ ಮಾಡಿದ್ರೆ ಪಟ್ಟಿಯೂ ಜೊತೆಗೇ ಸಣ್ಣ ಆಗ್ತದೆ.

ಶಿರಸಿ ಕಡೆಯವ:
ಜೆರಾಕ್ಸ್ ಅಂತ ತಲೆಗೇ ಹೊಳೀಲಿಲ್ಲ, ಥ್ಯಾಂಕ್ಸ್. ಇನ್ನೊಂದು, ಆಚಾರಿ ಪಕಾಸಿ (ಮಾಡಿಗೆ ಓರೆಯಾಗಿ ಕೂರಿಸೋ ಮರ) ಉದ್ದ ಕೇಳ್ತಿದ್ದಾರೆ, ಅದನ್ನೂ ಪ್ಲ್ಯಾನಿಂದಲೇ ತೆಗೀಬಹುದಾ?

ಹೊನ್ನಾವರ ಆರ್ಕಿಟೆಕ್ಟ್:
ಅಯ್ಯೋ ಬೇಡ. ಪ್ಲ್ಯಾನಲ್ಲಿ ಮಾಡು ಮೇಲಿಂದ ಕಂಡಷ್ಟೇ ಕಾಣೂದು, ಇಳಿಜಾರು ಕಾಣೂದಿಲ್ಲ. ಪ್ಲ್ಯಾನಲ್ಲಿ 10 ಅಡಿ ಇದ್ದು ಮಾಡು 30 ಡಿಗ್ರಿ ಇದ್ರೆ ಪಕಾಸಿ 11 ಅಡಿ 6½ ಇಂಚು ಬೇಕು, ಸೂರಿಗೆ ಹೊರಗೆ ಬಿಡೂದು ಇದ್ರ ಮೇಲೆ. ಒಂದು ಸೆಕ್ಷನ್, ಅಂದ್ರೆ ಮನೆಯನ್ನ ಮೇಲಿಂದ ಕೆಳಗೆ ಕೊಯ್ದ ಹಾಗೆ ಕಾಣೋ ಚಿತ್ರ ಬರ್ಕೊಳ್ಳಿ, ಗೋಡೆ ತಲೆಯಿಂದ ಮಾಡಿನ ಮೇಲಿನ ತುದಿಗೆ ಎತ್ತರ ಎಷ್ಟು, ಅಡ್ಡ ಎಷ್ಟು, ಎರಡೇ ಅಳತೆ ಸಾಕು. ಆ ಓರೆ ಗೆರೆಗೆ ಅಲೈನ್ಡ್ ಡೈಮೆನ್ಶನ್ ಹಾಕಿ, ಅದು ಓರೆಯಾಗೇ ಅಳೀತದೆ, ಅಡ್ಡಕ್ಕೆ ಅಳೆಯೋ ಲೀನಿಯರ್ ಹಾಕಿದ್ರೆ ಮತ್ತೆ 10 ಅಡಿಯೇ ತೋರಿಸ್ತದೆ. ಮರ ಕೊಯ್ಸೂಕಿಂತ ಮುಂಚೆ ಆ ಹಾಳೆ ಆಚಾರಿಗೆ ತೋರ್ಸಿ, ಜೋಡಣೆಗೆ ಎಷ್ಟು ಬಿಡ್ಬೇಕು ಅಂತ ಅವ್ರೇ ಹೇಳ್ತಾರೆ.