ಬೋರ್‌ವೆಲ್ ಕೊರೆಸಿ ಕೊರೆಸಿ ನಮ್ಮ ನೆಲವೂ ಕುಸಿಯುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಭಾವ ಒಂದು ಹಳೇ ಫೋಟೋ ಕಳಿಸಿದ್ದಾರೆ. ಕಂಬದ ತುದಿಯಲ್ಲಿ 1925, ಬುಡದಲ್ಲಿ 1977 ಅಂತ ಬೋರ್ಡು. ಅಷ್ಟು ವರ್ಷದಲ್ಲಿ ನೆಲ ಅಷ್ಟು ಕೆಳಗೆ ಹೋಯಿತಂತೆ! ಕೋಲಾರದಲ್ಲಿ ನಾವು 1200 ಅಡಿ ದಾಟಿದ್ದೇವೆ. ಇಲ್ಲೂ ಹಾಗೇ ಆಗುತ್ತಾ?

ಉತ್ತರ (ಭೂವಿಜ್ಞಾನಿ): ಫೋಟೋ ನಿಜದ್ದೇ. ಸ್ಯಾನ್ ವಾಕೀನ್ ಕಣಿವೆಯ ಮೆಂಡೋಟಾ ಊರಿನ ಹತ್ತಿರದ್ದು. ಕಂಬದ ಪಕ್ಕ ನಿಂತವರು ಜೋಸೆಫ್ ಪೋಲೆಂಡ್, ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು. ಅಲ್ಲಿ ನೆಲ ಸುಮಾರು 9 ಮೀಟರ್ ಇಳಿದಿತ್ತು.

ನಿಮ್ಮಲ್ಲಿ ಹಾಗಾಗಲ್ಲ. ಆ ಕಣಿವೆಯ ಅಡಿಯಲ್ಲಿ ನದಿ, ಕೆರೆಗಳು ತಂದು ಹಾಕಿದ ಮರಳು ಮತ್ತು ಜೇಡಿಮಣ್ಣಿನ ದಪ್ಪ ಪದರಗಳಿವೆ. ಜೇಡಿಯ ಕಣಗಳು ಚಪ್ಪಟೆ, ಅಡ್ಡಾದಿಡ್ಡಿ ಬಿದ್ದಿರುತ್ತವೆ. ಸಂದಿಯಲ್ಲಿರುವ ನೀರಿನ ಒತ್ತಡವೂ ಮೇಲಿನ ಭಾರ ಹೊರುತ್ತದೆ. ನೀರು ಎಳೆದರೆ ಡಬ್ಬಿಯಲ್ಲಿ ಅವಲಕ್ಕಿ ಒತ್ತಿದ ಹಾಗೆ ಕಣಗಳು ಒಂದರ ಮೇಲೊಂದು ಕೂತುಬಿಡುತ್ತವೆ. ಕೋಲಾರದ್ದು ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆ. ನೀರು ಇರುವುದು ಬಿರುಕುಗಳಲ್ಲಿ. ಬಿರುಕು ಒಣಗಿದರೂ ಬಂಡೆ ಕುಗ್ಗಲ್ಲ. ದೆಹಲಿಯ ಕಾಪಸ್‌ಹೇಡಾ ಸುತ್ತ ನೆಲ ಇಳಿಯುತ್ತಿರುವುದು ಉಪಗ್ರಹದ ರೇಡಾರ್‌ನಲ್ಲಿ ಕಂಡಿದೆ. ಅದೂ ಮೆಕ್ಕಲು ಮಣ್ಣಿನ ನೆಲವೇ.

ಪ್ರಶ್ನೆ: ಅವರಿಗೇನು ಸರ್, ಮಳೆ ಬಂದ್ರೆ ನೆಲ ಮತ್ತೆ ಏಳಲ್ವಾ?

ಉತ್ತರ: ಸ್ವಲ್ಪ ಏಳಬಹುದು, ಅಷ್ಟೇ. ಕುಗ್ಗಿದ ಜೇಡಿಯಲ್ಲಿ ಹೋದ ಜಾಗ ಬಹುಪಾಲು ಹೋದದ್ದೇ. ಇನ್ನೊಂದು ಕಷ್ಟ ಇದೆ. ಜೇಡಿಯಿಂದ ನೀರು ಬಹಳ ನಿಧಾನಕ್ಕೆ ಬಸಿಯುತ್ತದೆ, ಹಾಗಾಗಿ ಪಂಪು ನಿಲ್ಲಿಸಿದ ಮೇಲೂ ನೆಲ ವರ್ಷಗಟ್ಟಲೆ ಇಳಿಯುತ್ತಿರಬಹುದು. ಬೋರ್‌ಗಳ ಕೇಸಿಂಗ್ ಜಜ್ಜಿಹೋಗುತ್ತದೆ. ಅದೇ ಕಣಿವೆಯ ಫ್ರಿಯಾಂಟ್-ಕರ್ನ್ ನೀರಾವರಿ ಕಾಲುವೆಯಲ್ಲಿ ನೀರು ಇಳಿಜಾರಿನಲ್ಲೇ ಹರಿಯಬೇಕು. ಮಧ್ಯದಲ್ಲಿ ನೆಲ ತಗ್ಗಾಗಿ, ಆ ಭಾಗದಲ್ಲಿ ಹರಿಯುವ ಸಾಮರ್ಥ್ಯ ಅರ್ಧಕ್ಕಿಂತ ಜಾಸ್ತಿ ಹೋಯಿತು. ಕಾಲುವೆ ನೀರು ಕಮ್ಮಿಯಾದಷ್ಟೂ ರೈತ ಮತ್ತೆ ಬೋರ್ ಕಡೆಗೇ ತಿರುಗುತ್ತಾನೆ ನೋಡಿ.

ಮತ್ತೊಬ್ಬರ ಪ್ರಶ್ನೆ: ಅಲ್ಲಿ ಊರಿನವರೇ ಸೇರಿ ನೀರಿನ ಲೆಕ್ಕ ಇಡ್ತಾರಂತೆ, ಹೌದಾ?

ಉತ್ತರ: ಹೌದು, ಕ್ಯಾಲಿಫೋರ್ನಿಯಾದಲ್ಲಿ 2014ರಲ್ಲಿ ಕಾನೂನು ಬಂತು. ಮುಖ್ಯ ಅಂತರ್ಜಲ ಪ್ರದೇಶಗಳಿಗೆ ಸ್ಥಳೀಯ ಸಂಸ್ಥೆ. ಮೀಟರ್ ಹಾಕಿಸುವ, ಶುಲ್ಕ ಹಾಕುವ, ಎತ್ತುವ ನೀರಿಗೆ ಮಿತಿ ಹೇರುವ ಅಧಿಕಾರ ಅದಕ್ಕಿದೆ. ತೀರಾ ಬರಿದಾದ ಕಡೆ 2040ರೊಳಗೆ ಸಮತೋಲನಕ್ಕೆ ತರಬೇಕು. ಯೋಜನೆ ಸರಿ ಇಲ್ಲದಿದ್ದರೆ ರಾಜ್ಯವೇ ಕೈ ಹಾಕುತ್ತದೆ. 2024ರ ಏಪ್ರಿಲ್‌ನಲ್ಲಿ ಟುಲೇರ್ ಕೆರೆ ಪ್ರದೇಶವನ್ನು ಹಾಗೆ ನಿಗಾಕ್ಕೆ ತೆಗೆದುಕೊಂಡಿತು. ದೊಡ್ಡ ರೈತರಿಂದ ವಿರೋಧವೂ ಬಂತು, ಸುಮ್ನೆ ಯಾರು ಒಪ್ಪುತ್ತಾರೆ?

ನಮ್ಮಲ್ಲಿ ಕೇಂದ್ರದ ಅಂತರ್ಜಲ ಯೋಜನೆಯಾದ ಅಟಲ್ ಭೂಜಲ ಯೋಜನೆಯಡಿ ಪಂಚಾಯಿತಿಗಳು ನೀರಿನ ಬಜೆಟ್, ಅಂದರೆ ಬರುವ ನೀರೆಷ್ಟು, ಬಳಸುವುದೆಷ್ಟು ಅನ್ನೋ ಲೆಕ್ಕ, ಮಾಡಿವೆ. ಒಳ್ಳೇದೇ. ಆದರೆ 10 ಎಚ್‌ಪಿವರೆಗೆ ಕರೆಂಟ್ ಉಚಿತ, ಪಂಪಿಗೆ ಮೀಟರ್ ಇಲ್ಲ. ಹಾಗಿರುವಾಗ ಬಜೆಟ್ ಗೋಡೆಬರಹವಾಗಿಯೇ ಉಳಿಯುತ್ತದೆ ಅನ್ನೋದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆಗಾರರು: ನೆಲ ಕುಸಿಯಲ್ಲ ಅಂದ್ರಲ್ಲ, ಹಾಗಾದ್ರೆ ಇನ್ನೊಂದು ಬೋರ್ ಪಾಯಿಂಟ್ ಹಾಕಿಸಲಾ ಸರ್?

ಉತ್ತರ: ಬೇಡಿ. ಆಳಕ್ಕೆ ಹೋದಷ್ಟೂ ಬಿರುಕು ಸಾಮಾನ್ಯವಾಗಿ ಕಮ್ಮಿ. ಮೊದಲು ಈಗಿರುವ ಬೋರ್‌ನ ನೀರಿನ ಮಟ್ಟ ಅಳೆಯಿರಿ. ರಾತ್ರಿ ಪಂಪು ನಿಲ್ಲಿಸಿ, ಬೆಳಿಗ್ಗೆ ಚಾಲೂ ಮಾಡುವ ಮುಂಚೆ ಅಳೆಯಬೇಕು. ಮೇನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ. ಅಕ್ಕಪಕ್ಕದ ತೋಟದವರದ್ದೂ ಬರೆದಿಟ್ಟು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.