ತಮ್ಮ ಸಿಗರೇಟ್ ಸೇದುತ್ತಾನೆ, ವಸಡಲ್ಲಿ ರಕ್ತವೇ ಬರಲ್ಲ ಅಂತಾನೆ. ಏನು ಹೇಳಲಿ?

ದಾವಣಗೆರೆ ಅಕ್ಕ:
ತಮ್ಮನಿಗೆ 17 ವರ್ಷ, ಎರಡನೇ ಪಿಯುಸಿ. ಹೋದ ವಾರ ಅಂಗಿ ಒಗೆಯಲು ಹಾಕುವಾಗ ಜೇಬಲ್ಲಿ ಪುದೀನ ಚೂಯಿಂಗ್ ಗಮ್ಮಿನ ಏಳೆಂಟು ಕಾಗದ ಸಿಕ್ಕವು. ಕೇಳಿದೆ, ಸಿಗರೇಟ್ ವಾಸನೆ ಹೋಗಲಿ ಅಂತ ಅಗಿಯುತ್ತೇನೆ ಅಂದ. ಶ್ವಾಸಕೋಶದ ಮಾತೆತ್ತಿದರೆ "ಅದೆಲ್ಲ ವಯಸ್ಸಾದ ಮೇಲೆ" ಅಂತಾನೆ. ಹಲ್ಲು ಹಾಳಾಗುತ್ತೆ ಅಂದರೆ, "ಬ್ರಷ್ ಮಾಡಿದರೆ ನಿನ್ನ ವಸಡಲ್ಲೇ ರಕ್ತ ಬರುತ್ತೆ, ನನಗೆ ಒಂದು ಹನಿ ಬರಲ್ಲ" ಅಂದ. ಅದು ನಿಜ. ಏನು ಹೇಳಬೇಕೋ ತೋಚಲಿಲ್ಲ.

ಹಲ್ಲಿನ ಡಾಕ್ಟರ್:
ರಕ್ತ ಬರಲ್ಲ ಅನ್ನೋದನ್ನೇ ನಂಬಿ ಕೂತರೆ ಕಷ್ಟ. ನಿಕೋಟಿನ್ ವಸಡಿನ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಹಾಗಾಗಿ ಒಳಗೆ ಸೋಂಕಿದ್ದರೂ ರಕ್ತ ಕಡಿಮೆ ಬರುತ್ತೆ, ವಸಡು ಮೇಲೆ ಚೆನ್ನಾಗಿಯೇ ಕಾಣುತ್ತೆ, ಅಡಿಯಲ್ಲಿ ಹಲ್ಲು ಹಿಡಿದಿರುವ ಮೂಳೆ ಸವೆಯುತ್ತಾ ಹೋಗುತ್ತೆ. ಸೇದುವುದು ಬಿಟ್ಟ ಮೇಲೆ ಕೆಲವರಿಗೆ ರಕ್ತ ಶುರುವಾಗುತ್ತೆ, ಅದನ್ನು ನೋಡಿ ಹೆದರಿ ಮತ್ತೆ ಹಚ್ಚಬಾರದು. ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ತಡ ಮಾಡದೆ ತೋರಿಸಿ. ನಿಮ್ಮ ವಸಡನ್ನೂ ತೋರಿಸಿ, ಅಲ್ವಾ?

ಬಿಟ್ಟು ಮೂರು ವರ್ಷ:
ನಾನು 16ಕ್ಕೆ ಶುರು ಮಾಡಿದವನು. ದವಡೆ ಹಲ್ಲು ಕೀಳಿಸಿದ ಮಾರನೇ ದಿನವೇ ಸೇದಿದೆ. ಆ ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಹೋಗಿ ಮೂಳೆ ಬರಿದಾಯಿತು. ಆ ನೋವು ಕಿವಿಯವರೆಗೂ ಹೊಡೆಯುತ್ತಿತ್ತು, ನಾಲ್ಕು ರಾತ್ರಿ ನಿದ್ದೆ ಇಲ್ಲ. ಸೇದಬೇಡ ಅಂತ ಡಾಕ್ಟರ್ ಹೇಳಿದ್ದರು, ಸುಮ್ನೆ ಹೇಳ್ತಾರೆ ಅಂದುಕೊಂಡಿದ್ದೆ.

ಹೈಸ್ಕೂಲ್ ಮೇಡಂ:
ಪ್ಯಾಕಿನ ಮೇಲೆ 85% ಜಾಗದಲ್ಲಿ ಎಚ್ಚರಿಕೆ ಇರುತ್ತೆ, ಆದರೆ ನಮ್ಮ ಮಕ್ಕಳು ಕೊಳ್ಳೋದು ಬಿಡಿ ಸಿಗರೇಟು. ಪ್ಯಾಕ್ ಅಂಗಡಿಯವನ ಹತ್ತಿರವೇ ಉಳಿಯುತ್ತೆ, ಆ ಚಿತ್ರ ಇವರ ಕಣ್ಣಿಗೇ ಬೀಳಲ್ಲ. ಕರ್ನಾಟಕದಲ್ಲಿ 2025ರ ತಿದ್ದುಪಡಿ ಪ್ರಕಾರ ಬಿಡಿಯಾಗಿ ಮಾರುವಂತಿಲ್ಲ, 21 ವರ್ಷ ಆಗದವರಿಗೂ ಕೊಡುವಂತಿಲ್ಲ. ಆದರೂ ನಮ್ಮ ಶಾಲೆ ಹತ್ತಿರದ ಗೂಡಂಗಡಿಯಲ್ಲಿ ಲೈಟರ್ ದಾರ ಕಟ್ಟಿ ನೇತು ಹಾಕಿದ್ದಾರೆ, ಹುಡುಗರ ಕೈಗೆ ಸಿಗುವ ಎತ್ತರಕ್ಕೆ. ನೋಡಿದಾಗಲೆಲ್ಲ ಸಂಕಟ ಆಗುತ್ತೆ. ಬಿಡಲು ಸಹಾಯ ಬೇಕಿದ್ದರೆ 1800-11-2356ಕ್ಕೆ ಫೋನ್ ಮಾಡಲಿ, ಉಚಿತ.

ದಾವಣಗೆರೆ ಅಕ್ಕ:
ಡಾಕ್ಟರ್ ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಆಮೇಲೆ ನೋಡಿದರೆ ಬಚ್ಚಲ ಕನ್ನಡಿ ಮುಂದೆ ನಿಂತು, ಮೊಬೈಲ್ ಟಾರ್ಚ್ ಹಾಕಿ, ಕೆನ್ನೆ ಎಳೆದು ನೋಡಿಕೊಳ್ಳುತ್ತಿದ್ದ. ಶನಿವಾರ ಇಬ್ಬರೂ ತೋರಿಸಲು ಹೋಗುತ್ತಿದ್ದೇವೆ. ಮೊದಲು ನಾನು ಕೂರಬೇಕಂತೆ.