ಮನೆಗೆಲ್ಲ ಒಂದೇ ಕಂಪ್ಯೂಟರ್, ನನ್ನ ಫೈಲು ನನಗಷ್ಟೇ ಕಾಣಬೇಕು: ಏನು ಮಾಡಲಿ?

ಪ್ರಶ್ನೆ (ಲೆಕ್ಕ ಬರೆಯುವವರು, ರಾಯಚೂರು): ಸರ್, ಗಂಜಿನ (ಧಾನ್ಯ ಮಾರುಕಟ್ಟೆಯ) ಕೆಲವು ಅಡತಿ ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡುತ್ತೇನೆ. ಅವರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ನಮ್ಮ ವಿಂಡೋಸ್ ಕಂಪ್ಯೂಟರಿನಲ್ಲೇ ಇವೆ. ಅದರಲ್ಲೇ ಮಗ ಗೇಮ್ ಆಡುತ್ತಾನೆ, ಮೈದುನ ಸಿನಿಮಾ ಇಳಿಸುತ್ತಾನೆ, ಅವನ ಗೆಳೆಯರೂ ಬಂದು ಕೂರುತ್ತಾರೆ. ಡಿ ಡ್ರೈವಿನಲ್ಲಿ ಫೋಲ್ಡರ್ ಮಾಡಿ ಹಿಡನ್ ಮಾಡಿಟ್ಟಿದ್ದೇನೆ. ಸಾಕಲ್ವಾ? ಪಾಸ್‌ವರ್ಡ್ ಹಾಕಿದರೆ "ಮನೆಯವರ ಮೇಲೇ ನಂಬಿಕೆ ಇಲ್ವಾ" ಅಂತಾರೆ.

ಉತ್ತರ (ಕಂಪ್ಯೂಟರ್ ಸರ್ವಿಸ್ ಮಾಡುವವರು): ಸಾಲದು ಅಕ್ಕಾವ್ರೆ. ಹಿಡನ್ ಅಂದರೆ ಪರದೆ ಎಳೆದ ಹಾಗೆ, ಬೀಗ ಅಲ್ಲ. 'ವ್ಯೂ'ಗೆ ಹೋಗಿ ಒಂದು ಟಿಕ್ ಹಾಕಿದರೆ ಎಲ್ಲ ಕಾಣುತ್ತೆ. ನಿಮ್ಮ ಮಗನಿಗೆ ಅದು ಈಗಾಗಲೇ ಗೊತ್ತಿರಬಹುದು.

ನಿಮಗಾಗಿ ಬೇರೆ ಅಕೌಂಟ್ ಮಾಡಿಕೊಳ್ಳಿ. ಅದನ್ನು ಅಡ್ಮಿನಿಸ್ಟ್ರೇಟರ್ (ಅಡ್ಮಿನ್, ಅಂದರೆ ಪೂರ್ತಿ ಅಧಿಕಾರ ಇರುವ ಅಕೌಂಟ್) ಮಾಡಿ, ಪಾಸ್‌ವರ್ಡ್ ಹಾಕಿ. ಆಮೇಲೆ ಅಲ್ಲಿಂದಲೇ ಹಳೆಯ ಅಕೌಂಟನ್ನು 'ಸ್ಟ್ಯಾಂಡರ್ಡ್ ಯೂಸರ್' (ಕಡಿಮೆ ಅಧಿಕಾರದ ಅಕೌಂಟ್) ಮಾಡಿ ಮನೆಯವರಿಗೆ ಬಿಟ್ಟುಬಿಡಿ. ಗೇಮು, ಸಿನಿಮಾ ಎಲ್ಲ ಇದ್ದಲ್ಲೇ ಇರುತ್ತವೆ, ಯಾರಿಗೂ ಬೇಜಾರಿಲ್ಲ. ಹಳೆಯದು ಅಡ್ಮಿನ್ ಆಗಿಯೇ ಉಳಿದರೆ ಮಾತ್ರ ಪ್ರಯೋಜನ ಇಲ್ಲ. 'ಅನುಮತಿ ಇಲ್ಲ' ಅನ್ನೋ ಕಿಟಕಿಯಲ್ಲೇ 'ಕಂಟಿನ್ಯೂ' ಒತ್ತಿ ಒಳಗೆ ಬರಬಹುದು.

ಡಿ ಡ್ರೈವಿನ ವಿಷಯದಲ್ಲೇ ಜಾಸ್ತಿ ಜನ ಎಡವುತ್ತಾರೆ. ಅಲ್ಲಿ ಇಟ್ಟದ್ದನ್ನು ಸಾಮಾನ್ಯವಾಗಿ ಯಾವ ಅಕೌಂಟಿನವರೂ ತೆರೆಯಬಹುದು, ಅಳಿಸಲೂಬಹುದು. ನಿಮ್ಮ ಹೊಸ ಅಕೌಂಟಿನ 'ಡಾಕ್ಯುಮೆಂಟ್ಸ್' ಒಳಗೆ ಇಟ್ಟರಷ್ಟೇ ಕಾವಲು. ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುತ್ತೀರಾ? ಟ್ಯಾಲಿ ಪ್ರೈಮ್ ಡೇಟಾ ಸಾಮಾನ್ಯವಾಗಿ 'ಪಬ್ಲಿಕ್' ಫೋಲ್ಡರಿನಲ್ಲಿ ಕೂರುತ್ತೆ, ಅದೂ ಎಲ್ಲರಿಗೂ ತೆರೆದದ್ದೇ. ಅದಕ್ಕೆ ಟ್ಯಾಲಿಯಲ್ಲೇ ಇರುವ ಬೀಗ, ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿ.

ನಂಬಿಕೆ ಮಾತು ಬಂದರೆ, "ಇವು ಅಂಗಡಿಯವರ ಕಾಗದ, ನಮ್ಮವಲ್ಲ" ಅನ್ನಿ. ಅಷ್ಟಕ್ಕೆ ಯಾರೂ ಮುನಿಸಿಕೊಳ್ಳಲ್ಲ.

ಇನ್ನೊಬ್ಬರು (ಕೊಪ್ಪಳ): ಪೆನ್‌ಡ್ರೈವಿನಲ್ಲಿ ಲಿನಕ್ಸ್ (ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಹಾಕಿ ಅದರಿಂದಲೇ ಕಂಪ್ಯೂಟರ್ ಶುರು ಮಾಡಿದರೆ ವಿಂಡೋಸ್ ಪಾಸ್‌ವರ್ಡ್ ಕೇಳೋದೇ ಇಲ್ವಲ್ಲ ಸರ್?

ಉತ್ತರ: ನಿಜ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅಂದರೆ ಕೀಲಿ ಇಲ್ಲದೆ ಓದಲಾಗದ ಹಾಗೆ ಗುಪ್ತಲಿಪಿಯಲ್ಲಿ ಇರದಿದ್ದರೆ, ಎಲ್ಲ ಓದಬಹುದು. ರಿಪೇರಿಗೆ ಕೊಟ್ಟಾಗಲೂ ಅಷ್ಟೇ. ನಮ್ಮಂಥವರನ್ನೂ ಸುಮ್ನೆ ನಂಬಬೇಡಿ! ಹೀಗೆ ಎನ್‌ಕ್ರಿಪ್ಟ್ ಮಾಡುವ ವಿಂಡೋಸ್‌ನದೇ ಬಿಟ್‌ಲಾಕರ್ ಪೂರ್ತಿಯಾಗಿ ಸಿಗೋದು ವಿಂಡೋಸ್ ಪ್ರೊದಲ್ಲಿ, ಹೋಮ್‌ನಲ್ಲಿ ಅಲ್ಲ. ಕೆಲವು ಹೋಮ್ ಮಷೀನುಗಳಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಇರುತ್ತೆ, ಸೆಟ್ಟಿಂಗ್ಸ್‌ನಲ್ಲಿ ನೋಡಿ. ಇಲ್ಲದಿದ್ದರೆ ವೆರಾಕ್ರಿಪ್ಟ್ ಅನ್ನೋ ಸಾಫ್ಟ್‌ವೇರ್ ಹಾಕಿಕೊಳ್ಳಿ, ಉಚಿತ. ಒಂದು ದೊಡ್ಡ ಫೈಲನ್ನೇ ಬೀಗ ಹಾಕಿದ ಡ್ರೈವಿನಂತೆ ತೆರೆಯುತ್ತೆ. ಕೆಲಸ ಮುಗಿದ ಮೇಲೆ 'ಅನ್‌ಮೌಂಟ್' (ಹಳೆಯ ಆವೃತ್ತಿಯಲ್ಲಿ 'ಡಿಸ್‌ಮೌಂಟ್') ಒತ್ತಿ ಆ ಡ್ರೈವ್ ಮುಚ್ಚಲೇಬೇಕು. ಕೆಲಸದ ನಡುವೆ ಕರೆಂಟ್ ಹೋದರೆ ಆ ಫೈಲು ಕೆಡಬಹುದು, ಯುಪಿಎಸ್ ಇರಲಿ. ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿರಲಿ.

ಹಳೆಯ ವರ್ಷದ ಫೈಲುಗಳಿಗೆ 7-ಜಿಪ್ (ಫೈಲುಗಳನ್ನು ಒಂದೇ ಗಂಟು ಕಟ್ಟುವ ಸಾಫ್ಟ್‌ವೇರ್) ಸಾಕು. '7z' ಆರಿಸಿ, ಪಾಸ್‌ವರ್ಡ್ ಕೊಡಿ, 'ಎನ್‌ಕ್ರಿಪ್ಟ್ ಫೈಲ್ ನೇಮ್ಸ್' ಟಿಕ್ ಮಾಡಿ. ಇಲ್ಲದಿದ್ದರೆ ಒಳಗಿನ ಫೈಲುಗಳ ಹೆಸರು ಹೊರಗೇ ಕಾಣುತ್ತೆ. ಮೂಲ ಫೈಲು ತಾನಾಗಿ ಹೋಗಲ್ಲ, ಅಳಿಸೋದು ನಿಮ್ಮ ಕೆಲಸ. ಅದಕ್ಕೆ ಮೊದಲು 7z ಫೈಲನ್ನು ಒಮ್ಮೆ ತೆರೆದು ನೋಡಿ.

ಪ್ರಶ್ನೆ ಕೇಳಿದವರು: ಪಾಸ್‌ವರ್ಡ್ ಮರೆತರೆ ನಿಮ್ಮ ಹತ್ರ ತಂದರೆ ಆಗುತ್ತಾ ಸರ್?

ಉತ್ತರ: ವಿಂಡೋಸ್‌ದಾದರೆ ದಾರಿ ಹುಡುಕಬಹುದು. ವೆರಾಕ್ರಿಪ್ಟ್, 7-ಜಿಪ್, ಟ್ಯಾಲಿವಾಲ್ಟ್ ಯಾವುದೂ ನನ್ನ ಕೈಲಿ ಆಗಲ್ಲ, ಫೈಲು ಹೋಯಿತು ಅಂತಲೇ ಲೆಕ್ಕ. ಕಾಗದದಲ್ಲಿ ಬರೆದು ಬೀರುವಿನ ಲಾಕರಿನಲ್ಲಿಡಿ. ಮಾನಿಟರಿಗೆ ಚೀಟಿ ಅಂಟಿಸಬೇಡಿ.

ಪ್ರಶ್ನೆ ಕೇಳಿದವರು: ಮಗ ಹೊಸ ಗೇಮ್ ಹಾಕಬೇಕು ಅಂದರೆ?

ಉತ್ತರ: ಕೆಲವು ಗೇಮ್ ಹಾಕುವಾಗ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ. ಏನು ಹಾಕುತ್ತಿದ್ದಾನೆ ನೋಡಿ, ನೀವೇ ಟೈಪ್ ಮಾಡಿಕೊಡಿ, ಅವನಿಗೆ ಹೇಳಬೇಡಿ. ಅಡುಗೆಮನೆಗೆ ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿ, ಸ್ಕ್ರೀನ್ ಲಾಕ್ ಆಗುತ್ತೆ.